ಇಂದುಬಾಯಿಯ ಅರಿಶಿನ

ಸಾಂಗಲಿಯ ಅರಿಶಿನ ಪೇಟೆಯಲ್ಲಿ ಇಂದುಬಾಯಿಯ ಮನೆಯವರದು ಹಳೆಯ ಅಂಗಡಿ. ಓಣಿಯಲ್ಲಿ ಯಾರ ಮಗು ಬಿದ್ದು ಗಾಯ ಮಾಡಿಕೊಂಡರೂ ಇಂದುಬಾಯಿ ಅರಿಶಿನದ ಬಟ್ಟಲು ಹಿಡಿದು ಓಡುತ್ತಿದ್ದರು. ತಮ್ಮ ಕೈಗುಣದ ಬಗ್ಗೆ ಹೆಮ್ಮೆಯೂ ಇತ್ತು.

ಸ್ವಂತ ಮನೆಯಲ್ಲಿ ಆ ಬಟ್ಟಲಿಗೆ ಬೇರೆಯೇ ಕೆಲಸ. ಮಾರ್ಕ್ಸು ಕಡಿಮೆ ಬಂದಾಗಲೆಲ್ಲ ಮಗ ಮಲ್ಲಿನಾಥ ಬೆಲ್ಟು ಬಿಚ್ಚಿ ಮೊಮ್ಮಗಳು ಸ್ನೇಹಲಳಿಗೆ ಬಾರಿಸುತ್ತಿದ್ದ. ಮೊದಲ ಏಟಿನ ಸದ್ದಿಗೇ ಇಂದುಬಾಯಿ ಅಡುಗೆಮನೆಯಲ್ಲಿ ಅರಿಶಿನ ಕಲಸಲು ಕೂರುವರು. ಆಮೇಲೆ ಬಾಸುಂಡೆಗೆ ಹಚ್ಚುತ್ತ, "ಅಪ್ಪಾ ನಿನ್ನ ಚಲೋದಕ್ಕ ಹೊಡೀತಾನವ್ವಾ, ಸುಮ್ನಾಗು" ಎನ್ನುವರು. ಮಗನ ಕೈ ಹಿಡಿದು ತಡೆಯಬಹುದಿತ್ತು. ಹೊಳೆದಿರಲಿಲ್ಲವೆಂದಲ್ಲ, ಅವನ ಸಿಟ್ಟಿಗೆ ಎದುರು ನಿಲ್ಲುವುದಕ್ಕಿಂತ ಅರಿಶಿನ ಕಲಸುವುದು ಸಲೀಸಾಗಿತ್ತು.

ರಿಸಲ್ಟು ಬಂದ ಆ ಸಂಜೆ ಬಾಗಿಲಲ್ಲಿ ಮಲ್ಲಿನಾಥನ ಗಾಡಿ ನಿಂತ ಸದ್ದಾಯಿತು. ಸ್ನೇಹಲ ಅಳಲಿಲ್ಲ, ಅಡಗಿಕೊಳ್ಳಲೂ ಇಲ್ಲ. ಅಡುಗೆಮನೆಯಿಂದ ಬಟ್ಟಲು ತಂದು ಅಜ್ಜಿಯ ಮುಂದಿಟ್ಟಳು.

"ಆಜಿ, ಈಗನ ಕಲಸಿಟ್ಟೇನಿ. ಅಪ್ಪಾಂದು ಮುಗದ ಕೂಡ್ಲೆ ಲಗೂನ ಹಚ್ಚು."

ಇಂದುಬಾಯಿ ಬಟ್ಟಲಿನಿಂದ ಕಣ್ಣು ಮೇಲೆತ್ತಲಾರದೆ ಹೋದರು. ಅರಿಶಿನದ ಹದ ಸರಿಯಾಗಿಯೇ ಇತ್ತು. ಕಲಿಸಿದವರು ಅವರೇ ತಾನೆ.