ಬಾದಾಮಿಗೆ ಬಂದ ದೈವ

ಯಾವ ಸಭಾನೇ ಇರಲಿ, ಅದರಾಗ ಯಾರು ಕುಂತಿಲ್ಲ ಅನ್ನೋದನ್ನ ಮೊದಲು ನೋಡ್ರಿ ಅಂತ ನನ್ನ ಹುಡುಗರಿಗೆ ಹೇಳ್ತೇನಿ. ಪುಣೆಯ ಕಾಲೇಜಿನಾಗ ರಾಜ್ಯಶಾಸ್ತ್ರ ಕಲಿಸೋ ನಾನು ಪರದೇಶದ ರಾಜ, ಮಂತ್ರಿಗಳನ್ನ ಬಿಟ್ಟು ನಮ್ಮ ಇಳಕಲ್ಲಿನ ದೈವದ ಮ್ಯಾಲ ಬರಿಯಾಕ ಹತ್ತಿದ್ದೂ ಇದೇ ಮಾತಿನಿಂದ. ಖರೆ ಅಂದ್ರ ಈ ಬುದ್ಧಿ ನಂದಲ್ಲ.

ಇಂಗ್ರೇಜರ ಆಳಿಕಿ ಇದ್ದ ಕಾಲ; ಕೆಲಸ ಹಿಡಿದ ಹೊಸದಾಗಿ, ರಜಾದಾಗ, ನೇಕಾರ ಅಪ್ಪನ ಜೋಡಿ ಬಾದಾಮಿಗೆ ಹೆಣ್ಣು ನೋಡಾಕ ಹೋದೆ. ಹುಡುಗಿಯ ಅಪ್ಪ ಅಲ್ಲಿ ಸ್ಟೇಷನ್ ಮಾಸ್ತರು. ನಮ್ಮ ಪೈಕೀನ, ಆದ್ರ ಮೈಸೂರು ಕಡೆಯಿಂದ ಬಂದವರು. ಏನು ಕಲಿಸ್ತೀರಿ ಅಂತ ಹುಡುಗಿ ಕೇಳಿದಳು. ರಾಜ್ಯಶಾಸ್ತ್ರ ಅಂದೆ.

"ರಾಜ್ಯವೇ ಇಲ್ಲದವರಿಗೆ ಅದು ಯಾಕೆ?"

ಅಬಬಬಾ! ಲಗ್ನ ಆದ್ರ ಈಕೀನ್ನ ಅಂತ ಅಲ್ಲೇ ನಿಶ್ಚಯ ಮಾಡಿಬಿಟ್ಟೆ.

ಮಾಸ್ತರು ನಮ್ಮ ಒಪ್ಪಿಗೆ ಕೇಳಿದ್ರು. ಅಪ್ಪ, "ನಮ್ಮ ಕೈಯಾಗೇನೈತ್ರಿ, ದೈವ ಹೂಂ ಅನ್ನಬೇಕು" ಅಂದ. ನಮ್ಮ ಕಡೆ ದೈವ ಅಂದ್ರ ಕೂಡಿ ಕುಂತ ಹಿರಿಯರು. ಅವರನ್ನ ಕೇಳದ ಲಗ್ನ ಆಗೂದಿಲ್ಲ. ಪಾಪ, ಮಾಸ್ತರಿಗೆ ಅದೇನು ಗೊತ್ತು? ನಾವು ದೇವರ ಮ್ಯಾಲ ಭಾರ ಹಾಕಿ ಜಾರಿಕೊಂಡ್ವಿ ಅಂತ ತಿಳಕೊಂಡ್ರು.

ವಾರದೊಳಗ ಬಾಗಲಕೋಟೆಯ ಸೀರಿ ವ್ಯಾಪಾರಿಯೊಬ್ಬ ಮನಿಗೆ ಬಂದು, ಸೋಮವಾರ ಆ ಹುಡುಗೀನ್ನ ನೋಡಾಕ ತಮ್ಮೂರ ವಕೀಲ ಹೊಂಟಾನ ಅಂದ. "ನಿನ್ನ ದೈವ ಕಟಗೊಂಡು ನೀನ ಕುಂದ್ರು!" ಅಂತ ಅಪ್ಪನ ಮ್ಯಾಲ ಹರಿಹಾಯ್ದೆ.

"ತಡೀಲೇ" ಅಂದು ಅಪ್ಪ ಅವತ್ತೇ ದೈವ ಕೂಡಿಸಿದ. ಹಿರಿಯರು ಹೂಂ ಅಂದು ಸುಮ್ಮನ ಕೂಡಲಿಲ್ಲ. ಚಕ್ಕಡಿ ಹೂಡಿ, ಹುನಗುಂದದಾಗ ರೊಟ್ಟಿಗಂಟು ಬಿಚ್ಚಿ ಉಂಡು, ನನ್ನನ್ನೂ ಕರಕೊಂಡು, ವಕೀಲನಿಗಿಂತ ಮೊದಲು ಬಾದಾಮಿ ಮುಟ್ಟಿದ್ರು.

"ದೈವ ಬಂದೈತ್ರೀ!" ಅಂತ ಅಪ್ಪ ಬಾಗಿಲಾಗ ಕೂಗಿದ. ಮಾಸ್ತರು ಗಾಬರಿಯಾಗಿ ಆರತಿ ತಟ್ಟೆ ಹಿಡಕೊಂಡು ಓಡಿ ಬಂದು, "ಎಲ್ಲಿ ದೇವರು?" ಅಂದ್ರು. ಹಿರಿಯರು ತಲಿ ಮ್ಯಾಲಿನ ಪಟಕಾ ನೆಟ್ಟಗ ಮಾಡಿಕೊಂಡ್ರು. ವಿಷಯ ತಿಳಿದ ಮ್ಯಾಲ ಎಲ್ಲಾರೂ ಹೊಟ್ಟಿ ಹುಣ್ಣಾಗೂಹಂಗ ನಕ್ಕಿದ್ದೇ ನಕ್ಕಿದ್ದು.

ದೈವದಾಗಿನ ಹಿರಿಯಜ್ಜ ಒಳಗ ನೋಡಿ, "ದೈವ ಒಪ್ಪೇತಿ ನೋಡವ್ವಾ" ಅಂದ.

ಬಾಗಿಲ ಹಿಂದಿಂದ ಆಕಿ ದನಿ ಬಂತು: "ನಿಮ್ಮ ದೈವದಲ್ಲಿ ಹೆಂಗಸರು ಎಷ್ಟು ಜನ ಇದ್ದಾರೆ?"

ಮುಗೀತು, ವಕೀಲ ಗೆದ್ದ ಅಂದುಕೊಂಡೆ. ಅಜ್ಜ ಮೀಸಿ ತಿರುವಿದ, ಬಾಜೂಕ ಸರಿದು ಜಮಖಾನಿ ಮ್ಯಾಲ ಜಾಗಾ ಬಿಟ್ಟ.

"ಇನ್ನತನಾ ಯಾರೂ ಇರಲಿಲ್ಲವ್ವಾ. ಬಾ, ಕುಂದ್ರು. ದೈವ ಇನ್ನೂ ಪೂರಾ ಕೂಡಿಲ್ಲ. ನೀ ಏನಂತಿ?"

ಆಕಿ ಬಂದು ಕುಂತಳು. ಹಿರಿಯರನ್ನೆಲ್ಲಾ ಒಬ್ಬೊಬ್ಬರನ್ನಾಗಿ ನೋಡಿ, ಕಡೀಕ ನನ್ನ ಕಡೆ ತಿರುಗಿ, "ಹೂಂ" ಅಂದಳು.