ಮಸ್ಕತ್ತಿನ ಗುಡ್ಡದಲ್ಲಿ ನಾ ಹಾಕಿದ ಕೂಗು

ಗುಡೂರಿನ ಕುರಿಗಾರರ ಮನೆತನ ನಮ್ಮದು. ನಾ ಒಮ್ಮೆ ಕೂಗಿದರೆ ಬಾದಾಮಿ ಗುಡ್ಡದ ಬಂಡೆಗಳೂ ಎದ್ದು ಹಿಂದೆ ಬರುತ್ತವೆ. ಮಸ್ಕತ್ತಿಗೆ ನೆಲಕ್ಕೆ ಗ್ರಾನೈಟ್ ಹಾಸುವ ಕೆಲಸಕ್ಕೆ ಹೋದ ಮೇಲೂ ಈ ಮಾತು ಬಿಟ್ಟಿರಲಿಲ್ಲ. ಒಂದು ರಜೆಯ ದಿನ, ಮುಂಜಾನೆ ಗುಡ್ಡ, ಸಂಜೆಗೆ ಸಮುದ್ರ ಅಂತ ಹೊರಟೆವು. ಜೊತೆಗೆ ನನ್ನ ಕೂಡ ಕೆಲಸ ಮಾಡುವ ಕಮತಗಿಯ ಬಸು.

ಗುಡ್ಡದ ಮೇಲೆ ಒಬ್ಬ ಮುದುಕ ತನ್ನ ಆಡುಗಳನ್ನು ಒಂದೊಂದಾಗಿ ಕೂಡಿಸಿ ಕೆಳಗಿಳಿಸುತ್ತಿದ್ದ.

"ಕಾಕಾ, ಈಗ ತೋರಸ್ರಿ ನಿಮ್ಮ ಕರಾಮತ್ತು," ಅಂದ ಬಸು.

ಬಂಡೆ ಏರಿ, ಟವೆಲ್ ಬೀಸಿ, ಅಪ್ಪ ಕಲಿಸಿದ ಕೂಗು ಹಾಕಿದೆ: "ಹುರ್‍ರ್‍ರಾ ಹೋಯ್!" ನಮ್ಮ ಕುರಿಗಳಿಗೆ ಅದು 'ಬಾ' ಅನ್ನುವ ಕರೆ. ಆ ಆಡುಗಳಿಗೆ ತೋಳವೇ ಬಂದಂತಾಯಿತೋ ಏನೋ, ದಿಕ್ಕಿಗೊಂದು ಓಡಿ ಗುಡ್ಡ ಏರಿದವು. ಒಂದು ಮರಿ ಕಡಿದಾದ ಅಂಚಿನಲ್ಲಿ ಸಿಕ್ಕಿಕೊಂಡು ಅರಚತೊಡಗಿತು.

ಮುದುಕ ಬೈಯಲಿಲ್ಲ. ಕೋಲೂರಿ ಮತ್ತೆ ಹತ್ತತೊಡಗಿದ. ನಾವೂ ಹಿಂದೆ ಹತ್ತಿದೆವು. ಕಡೆಯ ಆಡು ಸಿಗುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು. ಮರಿಯನ್ನು ಹೆಗಲ ಮೇಲೆ ಹೊತ್ತು ತಂದು ಒಪ್ಪಿಸಿದರೆ, ಆತ ನನ್ನ ಅಂಗೈಗೆ ಖರ್ಜೂರ ಇಟ್ಟ. ನಮ್ಮಪ್ಪನೂ ಹಾಗೇ, ಹಿಂಡು ಬೆದರಿಸಿದ ದಾರಿಹೋಕರಿಗೂ ಕುಡಿಯಲು ನೀರು ಕೊಡುತ್ತಿದ್ದ. ನನಗೆ ತಲೆ ಎತ್ತಲಾಗಲಿಲ್ಲ.

ಸಂಜೆ ಸಮುದ್ರದ ದಂಡೆಯಲ್ಲಿ ಕಾಲು ನೀವಿಕೊಳ್ಳುತ್ತ ಕೂತಿದ್ದೆ.

"ಕಾಕಾ, ಈ ತೆರಿಗೂ ಒಂದ್ ಸಲ ಕೂಗ್ರಿ!"

"ಬ್ಯಾಡಲೇ ಬಸ್ಯಾ," ಅಂದೆ. "ಸಮುದ್ರ ಬೆದರಿ ಓಡಿಹೋದ್ರ, ಹೊಡಕೊಂಡು ಬರಾಕ ನನ್ನ ಕಾಲಾಗ ಕಸುವಿಲ್ಲ."