ಖಾಲಿ ಓಡಿದರೂ ಕಾಯುವ ಮೋಟರು

ಖಾನಾಪುರದಲ್ಲಿ ಒಬ್ಬ ಹಿರಿಯರನ್ನು ಜನ "ಗರಮ್ ಮಾಮಾ" ಎಂದು ಕರೆಯುತ್ತಾರೆ. ಆ ಹೆಸರು ಅವರಿಗೆ ಅಂಟಲು ಕಾರಣ ನಾನು. ಇದನ್ನು ನನ್ನ ಹೆಂಡತಿಗೂ ಹೇಳಿರಲಿಲ್ಲ.

ವಡಗಾವಿಯ ಓಣಿಯೊಂದರಲ್ಲಿ ನನ್ನ ಮೋಟರ್ ವೈಂಡಿಂಗ್ ಅಂಗಡಿ ಇತ್ತು. ಮ್ಯಾಟ್ರಿಕ್ ಆದಮೇಲೆ ಒಬ್ಬ ಉಸ್ತಾದರ ಕೈಕೆಳಗೆ ಆ ಕೆಲಸ ಕಲಿತೆ. ಸುಟ್ಟ ಮೋಟರಿನಿಂದ ಹಳೆಯ ತಾಮ್ರದ ತಂತಿ ಕಿತ್ತು, ಅದರಲ್ಲಿ ಎಷ್ಟು ಸುತ್ತು ಇತ್ತೆಂದು ಎಣಿಸಿ, ಅಷ್ಟೇ ಸುತ್ತಿನ ಹೊಸ ಕಾಯಿಲ್ ಕಟ್ಟಿ ಕೂಡಿಸುವುದು. ಬರುತ್ತಿದ್ದದ್ದು ಹೆಚ್ಚಾಗಿ ಮಗ್ಗದ ಸಣ್ಣ ಮೋಟರುಗಳು.

ಸುಮಾರು ಹತ್ತು ವರ್ಷದ ಹಿಂದೆ, ಬೇಸಿಗೆಯಲ್ಲಿ, ಖಾನಾಪುರದ ಒಂದು ಹಂಚಿನ ಕಾರ್ಖಾನೆಯಿಂದ ದೊಡ್ಡ ಮೋಟರು ಬಂತು. ಮಣ್ಣು ಅರೆಯುವ ಯಂತ್ರದ್ದು. ಸಾವಕಾರರು ಟಿಳಕವಾಡಿಯವರು, ತಾವೇ ಗಾಡಿಯ ಜೊತೆ ಬಂದಿದ್ದರು. ಮಳೆ ಹಿಡಿಯುವುದರೊಳಗೆ ಹಂಚು ಒಣಗಿ ಭಟ್ಟಿ ಸೇರಬೇಕು ಎಂಬ ಅವಸರ ಅವರಿಗೆ.

"ಯಾವಾಗ ಕೊಡ್ತೀರಿ, ಮಿಸ್ತ್ರಿ?"

"ನಾಡದ ಮುಂಜಾನಿ ಹತ್ತಕ್ಕ ಗಾಡಿ ಕಳಸ್ರಿ," ಎಂದೆ. ವಡಗಾವಿಯಲ್ಲಿ ಇಂಥ ಮೋಟರನ್ನು ಎರಡು ದಿನದಲ್ಲಿ ಕೊಡುವವನು ನಾನೊಬ್ಬನೇ ಎಂಬ ಸೊಕ್ಕಿತ್ತು.

ಆ ಮೋಟರಿನೊಳಗೆ ಕರೆಂಟು ಎರಡು ದಾರಿಯಾಗಿ ಒಡೆದು ಹೋಗಿ ಕೊನೆಗೆ ಒಂದಾಗುತ್ತದೆ. ಎರಡೂ ದಾರಿಯಲ್ಲಿ ಸುತ್ತು ಸಮ ಇರಬೇಕು. ಒಂದರಲ್ಲಿ ಕಡಿಮೆಯಾದರೆ ಇನ್ನೊಂದರ ಜೋರು ಅದನ್ನು ತಳ್ಳುತ್ತದೆ. ಆಗ ಒಂದಿಷ್ಟು ಕರೆಂಟು ಯಾವ ಕೆಲಸವನ್ನೂ ಮಾಡದೆ, ಆ ಎರಡು ದಾರಿಗಳ ನಡುವೆ ಒಳಗೊಳಗೇ ಸುತ್ತುತ್ತಲೇ ಇರುತ್ತದೆ. ಯಂತ್ರಕ್ಕೆ ಮಣ್ಣು ಹಾಕಿದರೂ ಹಾಕದಿದ್ದರೂ ಮೋಟರು ಕಾದು ಬಿಸಿಯಾಗುತ್ತದೆ. ಹೊರಗಿನ ತಂತಿಗೆ ಮೀಟರು ಹಿಡಿದರೆ ಅದು ಕಾಣುವುದಿಲ್ಲ. ಉಸ್ತಾದರು ಇದನ್ನು ನನಗೆ ಮೊದಲ ವರ್ಷವೇ ಕಲಿಸಿದ್ದರು.

ಎರಡನೆಯ ದಿನ ಮಧ್ಯಾಹ್ನ, ಕೊನೆಯ ನಾಲ್ಕು ಕಾಯಿಲ್ ಉಳಿದಿದ್ದಾಗ ತಂತಿ ತೀರಿತು. ಅಂದು ಪೇಟೆ ಬಂದ್. ಅಂಗಡಿಯಲ್ಲಿ ಇದ್ದದ್ದು ಅದಕ್ಕಿಂತ ಒಂದು ನಂಬರು ಹೆಚ್ಚು ದಪ್ಪದ ತಂತಿ. ಅದರಿಂದ ಲೆಕ್ಕದ ಪ್ರಕಾರ ಬೇಕಾದ ಹದಿನಾಲ್ಕು ಸುತ್ತು ಕಟ್ಟಿದರೆ ಕಾಯಿಲ್ ತನ್ನ ಸಂದಿನಲ್ಲಿ ಕೂಡಲಿಲ್ಲ. ಬಿದಿರಿನ ಪಟ್ಟಿಯಿಂದ ಒತ್ತಿದೆ. ಆಗಲಿಲ್ಲ. ಎರಡು ಸುತ್ತು ತೆಗೆದೆ. ಕೂತಿತು. ಉಳಿದ ಮೂರಕ್ಕೂ ಹಾಗೇ ಮಾಡಿದೆ. ಆ ನಾಲ್ಕು ಕಾಯಿಲ್‌ಗಳೂ ಒಂದೇ ದಾರಿಯಲ್ಲಿದ್ದವು. ಸಾವಕಾರರಿಗೆ ಫೋನು ಮಾಡಿ ಒಂದು ದಿನ ಹೆಚ್ಚು ಕೇಳಬಹುದಿತ್ತು. ಕೇಳಲಿಲ್ಲ.

ಹೇಳಿದ ಹೊತ್ತಿಗೆ ಮೋಟರು ಕೊಟ್ಟು ನಾಲ್ಕು ದಿನಕ್ಕೆ ಕಾರ್ಖಾನೆಯಿಂದ ಕರೆ ಬಂತು. ರೈಲಿನಲ್ಲಿ ಹೋದೆ. ದೇಸೂರ ಸ್ಟೇಷನ್ ದಾಟುವಷ್ಟರಲ್ಲಿ ಏನು ಹೇಳಬೇಕೆಂದು ಗಟ್ಟಿ ಮಾಡಿಕೊಂಡಿದ್ದೆ.

ಯಂತ್ರ ನಡೆಸುವವರು ನನ್ನ ವಯಸ್ಸಿನವರೇ, ಮನೆಮಾತು ಮರಾಠಿ. ಎಲ್ಲರೂ ಅವರನ್ನು ಮಾಮಾ ಎನ್ನುತ್ತಿದ್ದರು. ಇಪ್ಪತ್ತು ವರ್ಷದಿಂದ ಆ ಯಂತ್ರ ಅವರ ಕೈಯಲ್ಲಿತ್ತು. ದಿನಾ ಮುಂಜಾನೆ ಮಣ್ಣು ಹಾಕುವ ಮೊದಲು ಅರ್ಧ ತಾಸು ಖಾಲಿ ಓಡಿಸಿ, ಮೋಟರಿನ ಮೈಮೇಲೆ ಅಂಗೈ ಇಟ್ಟು ನೋಡುವುದು ಅವರ ರೂಢಿ.

"ಮಿಸ್ತ್ರಿ, ಇಲ್ಲೆ ಕೈ ಇಡ್ರಿ," ಎಂದರು. "ಇನ್ನ ಒಂದ ಬುಟ್ಟಿ ಮಣ್ಣ ಹಾಕಿಲ್ಲ. ಖಾಲಿ ಓಡೀನ ಗರಮ್ ಆಗೈತಿ. ಮೊದ್ಲ ಹಿಂಗ ಇರಲಿಲ್ಲ."

ಕೈ ಇಟ್ಟೆ. ಅವರು ಹೇಳಿದ್ದು ಖರೇ ಇತ್ತು. ಕೈ ತೆಗೆದು ಚೀಲದಿಂದ ಮೀಟರು ತೆಗೆದೆ. ಹೊರಗಿನ ಮೂರೂ ತಂತಿಗೆ ಹಿಡಿದು ಸಾವಕಾರರಿಗೆ ತೋರಿಸಿದೆ.

"ನೋಡ್ರಿ ಸಾವ್ಕಾರ್ರ, ಕರೆಂಟ್ ಬರೋಬ್ಬರಿ ಐತಿ. ಮೀಟರ್ ಸುಳ್ಳ ಹೇಳ್ತದೇನು? ಇವ್ರು ಗಟ್ಟಿ ಮಣ್ಣ ತುರಕ್ತಾರ, ನೀರ ಕಡಿಮಿ ಹಾಕ್ತಾರ. ಹಿಂಗ ಜಗ್ಗಿದ್ರ ಯಾವ ಮೋಟರ್ ತಡೀತದ?"

ಮಾಮಾ ಮೀಟರನ್ನೂ ನನ್ನನ್ನೂ ನೋಡಿದರು. "ಮೀಟರಿಗೆ ಕೈ ಇಲ್ಲಲ್ರಿ," ಎಂದರು. ಸುತ್ತ ನಿಂತವರು ನಕ್ಕರು. ನಾನೂ ನಕ್ಕೆ.

ಇಪ್ಪತ್ತು ದಿನದೊಳಗೆ ಮೋಟರು ಸುಟ್ಟಿತು. ಸಾವಕಾರರು ಅದನ್ನು ಮತ್ತೆ ನನ್ನ ಅಂಗಡಿಗೇ ತಂದರು. ಮಾಮಾನನ್ನು ಯಂತ್ರದಿಂದ ಇಳಿಸಿ, ಬಿಸಿಲಲ್ಲಿ ಹಸಿ ಹಂಚು ಹೊತ್ತುಹಾಕುವ ಕೆಲಸಕ್ಕೆ ಹಚ್ಚಿದ್ದಾಗಿ ಹೇಳಿದರು. "ವಯಸ್ಸಾತು, ಮಾತ ಕೇಳಂಗಿಲ್ಲ" ಎಂದರು. ನಾನು ಹೂಂ ಎಂದೆ. ಅವರು ಹೋದಮೇಲೆ ಮೋಟರು ಬಿಚ್ಚಿದೆ. ಯಾವ ಕಾಯಿಲ್‌ಗಳ ಸುತ್ತ ಕಪ್ಪಾಗಿರುತ್ತದೆಂದು ಗೊತ್ತಿತ್ತು. ಅಲ್ಲೇ ಕಪ್ಪಾಗಿತ್ತು.

ಈ ಸಲ ಸರಿಯಾದ ತಂತಿ ತಂದು, ಎರಡೆರಡು ಸಲ ಎಣಿಸಿ, ಎರಡೂ ದಾರಿ ಸಮ ಮಾಡಿ ಕಟ್ಟಿದೆ. ಮೂರು ತಾಸು ಓಡಿಸಿ ನೋಡಿದೆ. ಚೊಕ್ಕ ಕೆಲಸ ಮಾಡಿದರೆ ತಪ್ಪು ತೀರಿತು ಎಂದುಕೊಂಡಿದ್ದೆ. ಆಗಿದ್ದು ಬೇರೆ. ಹೊಸಬನೊಬ್ಬ ಯಂತ್ರಕ್ಕೆ ನಿಂತ, ಮೋಟರು ತಣ್ಣಗೆ ಓಡಿತು. ತಪ್ಪು ಮಾಮಾನದೇ ಎಂದು ಊರಿಗೆಲ್ಲ ಖಾತ್ರಿಯಾಯಿತು. ನನ್ನ ಒಳ್ಳೆಯ ಕೆಲಸವೇ ಅವರ ಮೇಲೆ ಸಾಕ್ಷಿ ಹೇಳಿತು. ಗರಮ್ ಗರಮ್ ಎನ್ನುತ್ತಿದ್ದ ಮನುಷ್ಯನಿಗೆ ಅದೇ ಹೆಸರು ಕೂತಿತು.

ನಂತರ ನಾನು ಅಂಗಡಿ ಮುಚ್ಚಿದೆ. ಕಣ್ಣುಗಳು ಮಂಜಾಗಿದ್ದವು. ಕಳೆದ ಬೇಸಿಗೆಯಲ್ಲಿ ಒಂದು ಮದುವೆಗೆಂದು ಖಾನಾಪುರಕ್ಕೆ ಹೋದಾಗ, ಊಟದ ಪಂಕ್ತಿಯಲ್ಲಿ ಬಡಿಸುವವನು "ಗರಮ್ ಮಾಮಾಗ ಗರಮ್ ಸಾರ ಹಾಕ್ರಿ" ಎಂದದ್ದು ಕೇಳಿತು. ಜನ ನಕ್ಕರು. ಎಲೆಯ ಮುಂದೆ ಕೂತವರು ಅವರೇ. ತಲೆ ಎತ್ತದೆ ಉಂಡರು.

ಒಂದು ವಾರದ ಮೇಲೆ ಅವರ ಮನೆ ಹುಡುಕಿಕೊಂಡು ಹೋದೆ. ಕೈಗೆ ಎಣ್ಣೆ ಹಚ್ಚಿಕೊಂಡು ಪಡಸಾಲೆಯಲ್ಲಿ ಹಲಸಿನ ಹಣ್ಣು ಬಿಡಿಸುತ್ತಿದ್ದರು.

"ಬರ್ರಿ ಮಿಸ್ತ್ರಿ, ಕುಂದರ್ರಿ," ಎಂದರು, ನಿನ್ನೆ ಕಂಡವರಂತೆ.

"ಮಾಮಾ, ಆ ಮೋಟರ್ ನಂದ ತಪ್ಪರಿ. ಸುತ್ತ ಕಡಿಮಿ ಬಿದ್ದಿದ್ವು."

ಅವರು ಒಂದು ತೊಳೆಯಿಂದ ಬೀಜ ತೆಗೆದು ಬದಿಗಿಟ್ಟರು. "ಗೊತ್ತೈತಿ. ಎರಡನೇ ಸಲ ಥಂಡ್ ಓಡ್ತಲ್ಲ, ಅವತ್ತ ತಿಳೀತು."

"ಮತ್ತ ಯಾಕ ಹೇಳ್ಲಿಲ್ರಿ?"

"ಯಾರಿಗೆ ಹೇಳ್ಲಿ? ಥಂಡ್ ಮೋಟರ್ ತೋರ್ಸಿ ನಗ್ತಿದ್ರು." ಎದ್ದು ಕೈ ಒರೆಸಿಕೊಂಡರು. "ನನಗ ಹೇಳಿ ಏನ್ ಉಪಯೋಗ? ನಾ ತಿಳ್ಕೊಂಡಾಂವ. ತಿಳೀದೋರಿಗೆ ಹೇಳ್ರಿ. ನಡೀರಿ, ಕಾರ್ಖಾನ್ಯಾಗ ಊಟದ ಸುಟ್ಟಿ ಆಗೈತಿ, ಎಲ್ಲಾರೂ ಕೂಡಿರ್ತಾರ."

ನಾನು ಇಷ್ಟನ್ನು ಎಣಿಸಿರಲಿಲ್ಲ. ಅವರೊಬ್ಬರ ಮುಂದೆ ಹೇಳಿ, ಚಹಾ ಕುಡಿದು, ಮೂರರ ರೈಲು ಹಿಡಿಯುವೆನೆಂದು ಬಂದಿದ್ದೆ. ಆದರೂ ಅವರ ಹಿಂದೆ ಹೋದೆ.

ಕಾರ್ಖಾನೆಯ ನೆರಳಲ್ಲಿ ಹದಿನೈದು ಮಂದಿ ಬುತ್ತಿ ಬಿಚ್ಚಿ ಕೂತಿದ್ದರು. "ಬಂದ ನೋಡ್ರಿ ಗರಮ್ ಮಾಮಾ," ಎಂದು ಒಬ್ಬ ಕೂಗಿದ. ಮಾಮಾ ಪಕ್ಕಕ್ಕೆ ಸರಿದು ನನ್ನನ್ನು ಮುಂದೆ ಬಿಟ್ಟರು. ಮರಾಠಿ ಮನೆಮಾತಿನವರಿಗೂ ತಿಳಿಯಲೆಂದು ಮರಾಠಿಯಲ್ಲೇ ಹೇಳಿದೆ: ಮೋಟರು ಖಾಲಿ ಓಡಿದರೂ ಕಾಯುತ್ತಿದ್ದದ್ದು ನಿಜ, ಮಾಮಾನ ಕೈ ಹೇಳಿದ್ದೇ ಸರಿ, ಕೆಟ್ಟದ್ದು ನನ್ನ ಕೆಲಸ. ಒಳಗಿನಿಂದ ಸಾವಕಾರರು ಬಂದು ಕೇಳಿಸಿಕೊಂಡು, "ಹಳೇ ಮಾತ ಬಿಡ್ರಿ ಮಿಸ್ತ್ರಿ, ಒಳಗ ಬರ್ರಿ, ಚಹಾ ತರಸ್ತೀನಿ," ಎಂದರು. ಮಾಮಾನ ಕಡೆ ನೋಡಲಿಲ್ಲ.

ಹಂಚು ಹೊರುವ ಒಬ್ಬ ಹೆಣ್ಣುಮಗಳು ರೊಟ್ಟಿ ಕೈಯಲ್ಲಿ ಹಿಡಿದೇ ಕೇಳಿದಳು: "ಅಜ್ಜಾರ, ಗೊತ್ತಿದ್ದ ಮಾಡಿದ್ರೋ, ಗೊತ್ತಿಲ್ದ ಆತೋ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಗೊತ್ತಿಲ್ದ ಆತವ್ವ," ಎಂದೆ.

ಕೂಗಿದ್ದ ಆಸಾಮಿ ಸರಿದು ಮಾಮಾನಿಗೆ ಜಾಗ ಮಾಡಿಕೊಟ್ಟ. ಈ ಸಲ ಬರೀ ಮಾಮಾ ಎಂದ. ಅಷ್ಟಾದರೂ ಆಯಿತು. ಆದರೆ ಮಾಮಾ ಕೂಡದೆ ನನ್ನನ್ನು ಕಾರ್ಖಾನೆಯ ಬಾಗಿಲತನಕ ಕಳಿಸಲು ಬಂದರು.

"ಅರ್ಧಾ ಹೇಳಿದ್ರಿ, ಮಿಸ್ತ್ರಿ," ಎಂದರು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ನಾನು ಸ್ಟೇಷನ್ ದಾರಿ ಹಿಡಿದೆ.

ಉಳಿದ ಅರ್ಧವನ್ನು ಇಲ್ಲಿ ಬರೆದಿದ್ದೇನೆ. ಸುತ್ತು ಕಡಿಮೆ ಬೀಳಲಿಲ್ಲ, ನಾನೇ ತೆಗೆದೆ. ಮೋಟರು ಕಾಯುತ್ತದೆಂದು ತಿಳಿದೇ ತೆಗೆದೆ, ಮೀಟರು ತೋರಿಸುವುದಿಲ್ಲವೆಂದು ತಿಳಿದೇ ಮೀಟರು ಹಿಡಿದೆ. ಬರೆಯುವುದು ಸುಲಭ, ಎದುರಿಗೆ ಯಾರೂ ಇಲ್ಲ. ಆ ಹೆಣ್ಣುಮಗಳಿಗೆ ಇನ್ನೂ ಹೇಳಿಲ್ಲ.